ಕೆಗ್ಗಿನ ತೂಕ

ನನ್ನ ಗಂಡನಿಗೆ ಬಿಯರ್ ಕುಡಿಯುವುದಕ್ಕಿಂತ ಬಿಯರ್ ಮಾಡುವುದೇ ಹೆಚ್ಚು ಇಷ್ಟ ಎಂದು ನಾನು ಬಹಳ ದಿನ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಕುಡಿಯಲೇಬೇಕು ಎಂದಿದ್ದರೆ ಸ್ಯಾನ್ ಡಿಯೇಗೋದಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತಿತ್ತು. ಅಷ್ಟಕ್ಕೋಸ್ಕರ ಯಾರೂ ಭಾನುವಾರ ಬೆಳಿಗ್ಗೆ ಗರಾಜಿನಲ್ಲಿ ಮದುವೆಮನೆಯ ಪಾತ್ರೆಯಷ್ಟು ದೊಡ್ಡ ಪಾತ್ರೆ ಇಟ್ಟು ಬಾರ್ಲಿ ಕುದಿಸಿ, ಮನೆಯೆಲ್ಲ ಗಂಜಿಯ ವಾಸನೆ ಹಿಡಿಸುವುದಿಲ್ಲ. ಹುಬ್ಬಳ್ಳಿ ಕಡೆಯ ಈ ಮನುಷ್ಯ ಅಡುಗೆಮನೆಯಲ್ಲಿ ಒಂದು ಲೋಟ ಹಾಲು ಕಾಯಿಸಲು ಹೋದರೆ ಉಕ್ಕಿಸಿ ಬರುತ್ತಿದ್ದರು. ಬಿಯರಿನ ಪಾತ್ರೆಯ ಮುಂದೆ ಮಾತ್ರ ಕೈಯಲ್ಲಿ ಥರ್ಮಾಮೀಟರ್ ಹಿಡಿದು ಪೂಜೆಗೆ ನಿಂತವರ ಹಾಗೆ ನಿಲ್ಲುತ್ತಿದ್ದರು.

ಮೊದಮೊದಲು ಬಾಟಲಿ. ಸ್ನೇಹಿತರ ಮನೆಗಳಿಂದ ಖಾಲಿ ಬಾಟಲಿ ತಂದು, ಬಾತ್‌ಟಬ್ಬಿನಲ್ಲಿ ನೆನೆಹಾಕಿ, ಲೇಬಲ್ ಕಿತ್ತು, ತೊಳೆದು, ಒಂದೊಂದಕ್ಕೂ ಬಿಯರ್ ತುಂಬಿ ಮುಚ್ಚಳ ಒತ್ತಬೇಕು. ಒಳಗೆ ಗ್ಯಾಸ್ ಹುಟ್ಟಲೆಂದು ತುಂಬುವ ಮುಂಚೆ ಸ್ವಲ್ಪ ಸಕ್ಕರೆ ಬೇರೆ. ಒಮ್ಮೆ ಸಕ್ಕರೆ ಹೆಚ್ಚಾಗಿ ಕಪಾಟಿನೊಳಗೆ ಬಾಟಲಿಗಳು ಒಂದಾದ ಮೇಲೊಂದು ಸಿಡಿದವು. ನನ್ನ ಇಸ್ತ್ರಿ ಮಾಡಿದ ಬಟ್ಟೆಗಳು ಪಕ್ಕದಲ್ಲೇ ಇದ್ದವು. ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟಾದರೂ ಬಾಟಲಿಗಳ ಬಗ್ಗೆ ನನಗೆ ಒಳಗೊಳಗೇ ಸಮಾಧಾನವಿತ್ತು. ಕುಡಿದ ಬಾಟಲಿ ಖಾಲಿಯಾಗಿ ಸಿಂಕಿನ ಪಕ್ಕ ಕಣ್ಣೆದುರಿಗೇ ನಿಂತಿರುತ್ತಿತ್ತು. ಶನಿವಾರ ಒಂದು, ಕೆಲವೊಮ್ಮೆ ಭಾನುವಾರವೂ ಒಂದು. ನಾನು ಕೇಳಬೇಕಾಗಿರಲಿಲ್ಲ, ಅವರು ಹೇಳಬೇಕಾಗಿರಲಿಲ್ಲ.

ಇದನ್ನು ಯಾಕೆ ಗಮನಿಸುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ನನ್ನ ಸೋದರಮಾವ ಕುಡಿದು ಕುಡಿದೇ ಕೆಲಸ ಕಳೆದುಕೊಂಡರು, ಆಮೇಲೆ ಜೀವವನ್ನೂ ಕಳೆದುಕೊಂಡರು. ಅವರು ಸಂಜೆ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ತಡೆದು ನಿಲ್ಲಿಸಿ, “ಬಾಯಿ ತೆಗಿ” ಎನ್ನುತ್ತಿದ್ದರು. ಮೀಸೆ ಬಂದ ಗಂಡಸು ಬಾಯಿ ತೆರೆದು ನಿಲ್ಲುತ್ತಿದ್ದ, ಅಜ್ಜಿ ಮೂಸಿ ನೋಡುತ್ತಿದ್ದರು. ಮಾವ ಏಲಕ್ಕಿ ಅಗಿದು ಬರುತ್ತಿದ್ದರು. ಅಜ್ಜಿ ಏಲಕ್ಕಿಯ ವಾಸನೆ ಬಂದರೂ ಅಳುತ್ತಿದ್ದರು. ಅದನ್ನು ನೋಡಿ ಬೆಳೆದ ನಾನು, ಗಂಡನ ಬಾಯಿ ಮೂಸುವ ಹೆಂಗಸು ಮಾತ್ರ ಆಗಲಾರೆ ಎಂದು ನಿಶ್ಚಯಿಸಿಕೊಂಡಿದ್ದೆ. ಗಂಡ ಕುಡಿತಕ್ಕೆ ಬೀಳಬಾರದು, ನಾನು ಅಜ್ಜಿಯಾಗಬಾರದು. ನನ್ನ ಭಯ ಇಷ್ಟೇ.

ಬಾಟಲಿ ತೊಳೆದು ಬೇಸತ್ತ ಮೇಲೆ, 2002ರ ಆರಂಭದಲ್ಲಿ, ಮನೆಗೆ ಕೆಗ್ ಬಂತು. ಸೋಡಾ ಕಂಪನಿಯವರು ಬಳಸಿ ಬಿಟ್ಟ ಹಳೆಯ ಸ್ಟೀಲ್ ಪೀಪಾಯಿ. ನನ್ನ ಮಂಡಿಗಿಂತ ಸ್ವಲ್ಪ ಎತ್ತರ, ತೆಳ್ಳಗೆ, ತಲೆಗೂ ಬುಡಕ್ಕೂ ಕಪ್ಪು ರಬ್ಬರಿನ ಪಟ್ಟಿ. ತಲೆಯ ಮೇಲೆ ಎರಡು ಮೂತಿ. ಒಂದರಿಂದ ಸಿಲಿಂಡರಿನ ಗ್ಯಾಸ್ ಒಳಗೆ ಹೋಗುತ್ತದೆ, ಇನ್ನೊಂದರಿಂದ ಬಿಯರ್ ಹೊರಗೆ ಬರುತ್ತದೆ. ಒಳಗೆ ಮೂಗಿಟ್ಟರೆ ಕೋಲಾ ವಾಸನೆ. ರಬ್ಬರ್ ಉಂಗುರಗಳನ್ನೆಲ್ಲ ಬದಲಾಯಿಸಿ, ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದ ಮೇಲೆಯೇ ಅದು ಹೋದದ್ದು.

ಮುಚ್ಚಳ ಹಾಕುವುದು ಅವರಿಗೆ ಬಗೆಹರಿಯಲಿಲ್ಲ. ಮೊಟ್ಟೆಯಾಕಾರದ ಮುಚ್ಚಳ. ಮೇಲಿಂದ ಒತ್ತುತ್ತಾರೆ, ತಿರುಗಿಸುತ್ತಾರೆ, ಬೈಯುತ್ತಾರೆ. ನಾನು ಬಟ್ಟೆ ಒಣಗಿಸಲು ಗರಾಜಿಗೆ ಹೋದವಳು ಅದನ್ನು ಕಿತ್ತುಕೊಂಡು, ಓರೆಯಾಗಿ ಒಳಗೆ ಇಳಿಸಿ, ಒಳಗಿನಿಂದ ಮೇಲಕ್ಕೆಳೆದು ಕೊಕ್ಕೆ ಒತ್ತಿದೆ. ಕೂತಿತು.

“ಅರೆ! ನಿನಗ ಹೆಂಗ ಗೊತ್ತು?”

“ನಮ್ಮನೆ ಕುಕ್ಕರ್ ಹೀಗೇ ಇದ್ದಿದ್ದು. ಮುಚ್ಚಳ ಒಳಗಿಂದ ಕೂರತ್ತೆ. ನಿಮ್ಮ ಕಡೆಯೋರಿಗೆ ಎಲ್ಲಾ ಮೇಲಿಂದ ಒತ್ತೋದೊಂದೇ ಗೊತ್ತು.”

“ಮೈಸೂರು ಮಂದಿಗೆ ಒಂದ ಕುಕ್ಕರ್ ಸಿಕ್ರ ಸಾಕು, ಭಾಷಣ ಚಾಲೂ,” ಎಂದು ನಕ್ಕರು.

ಆ ದಿನ ಇಬ್ಬರೂ ಖುಷಿಯಾಗಿದ್ದೆವು. ಮೊದಲ ಸಲ ಗ್ಯಾಸ್ ಸೋರಿ ಸಿಲಿಂಡರೇ ಖಾಲಿಯಾಯಿತು. ಎರಡನೆಯ ಸಲ ಸೋಪಿನ ನೊರೆ ಮಾಡಿ ಮೂತಿಗಳಿಗೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದೆವು, ಊರಿನಲ್ಲಿ ಗ್ಯಾಸಿನವನು ಹೊಸ ಸಿಲಿಂಡರ್ ಕೂರಿಸಿ ನೋಡುತ್ತಿದ್ದ ಹಾಗೆ. ಆಮೇಲೆ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಫ್ರಿಜ್ ತಂದು, ಅದರ ಬಾಗಿಲಿಗೆ ತೂತು ಕೊರೆದು ನಲ್ಲಿ ಹಾಕಿದರು. ಕೆಗ್ ಒಳಗೆ ತಣ್ಣಗೆ ಕೂತಿರುತ್ತದೆ, ಹೊರಗೆ ನಲ್ಲಿಯ ಹಿಡಿ ಎಳೆದರೆ ಗ್ಲಾಸಿಗೆ ಬಿಯರ್. ಚೆನ್ನಾಗಿದ್ದ ಫ್ರಿಜ್ಜಿಗೆ ತೂತು ಹಾಕಿದ್ದಕ್ಕೆ ನಾನು ಸಾಕಷ್ಟು ಕೂಗಾಡಿದೆ. ಕೊನೆಗೆ ಅದರ ಮೇಲಿನ ಶೆಲ್ಫ್ ನನಗೇ ಎಂದು ತೀರ್ಮಾನವಾಯಿತು. ದೋಸೆಹಿಟ್ಟು, ಕರಿಬೇವು, ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಿಂದ ತಂದ ತೆಂಗಿನತುರಿ ಎಲ್ಲ ಅಲ್ಲಿ. ಕೆಳಗೆ ಬಿಯರ್ ಕೆಗ್.

ಬಾಟಲಿ ತೊಳೆಯುವ ಕಾಟ ತಪ್ಪಿತು. ಸಿಂಕಿನ ಪಕ್ಕ ಸಾಲಾಗಿ ನಿಲ್ಲುತ್ತಿದ್ದ ಖಾಲಿ ಬಾಟಲಿಗಳೂ ಹೋದವು. ಹೋದದ್ದು ಏನು ಎಂದು ಆಗ ನನಗೆ ಹೊಳೆಯಲಿಲ್ಲ. ಕೆಗ್ ಸ್ಟೀಲಿನದು. ಒಳಗೆ ಎಷ್ಟಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಅವರ ಟೆಲಿಕಾಂ ಕಂಪನಿ ಒಂದು ಇಡೀ ವಿಭಾಗವನ್ನು ಮುಚ್ಚಿತು. ಅವರು ಒಂದು ರಟ್ಟಿನ ಡಬ್ಬದಲ್ಲಿ ಕಾಫಿ ಮಗ್ಗು, ಕ್ಯಾಲ್ಕ್ಯುಲೇಟರು, ಮೇಜಿನ ಮೇಲಿದ್ದ ಗಣಪತಿ ಹಾಕಿಕೊಂಡು ಮಧ್ಯಾಹ್ನವೇ ಮನೆಗೆ ಬಂದರು. ನನಗೆ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸವಿತ್ತು, ಮನೆ ನಡೆಯುತ್ತಿತ್ತು. “ಇಷ್ಟರಾಗ ಸಿಗತದ, ಚಿಂತಿ ಮಾಡಬ್ಯಾಡ,” ಎಂದರು. ಅವರ ಸ್ನೇಹಿತರೂ ಕೆಲಸ ಕಳೆದುಕೊಂಡಿದ್ದರು, ಅವರೂ ತಮ್ಮ ತಮ್ಮ ಹೆಂಡತಿಯರಿಗೆ ಇದನ್ನೇ ಹೇಳುತ್ತಿದ್ದರು.

ನಾನು ಬೆಳಿಗ್ಗೆ ಹೊರಟರೆ ಬರುವುದು ಸಂಜೆ. ಅವರು ದಿನವಿಡೀ ಮನೆಯಲ್ಲಿ. ಕಂಪ್ಯೂಟರಿನ ಮುಂದೆ ಕೂತು ಅಪ್ಲೈ ಮಾಡುವುದು, ಫೋನಿಗೆ ಕಾಯುವುದು. ಸಂಜೆ ಬಂದರೆ ಅಡುಗೆ ಆಗಿರುತ್ತಿತ್ತು. ಝುಣಕ, ಮೊಳಕೆ ಕಾಳಿನ ಪಲ್ಯ, ಕೈಮುಟ್ಟಿದರೆ ಮುರಿಯುವ ಜೋಳದ ರೊಟ್ಟಿ. ಶನಿವಾರದ ಗ್ಲಾಸನ್ನೂ ನನ್ನೆದುರು ಹಿಡಿಯುತ್ತಿರಲಿಲ್ಲ, ಆದರೂ ಕೆಲವು ಸಂಜೆ ಮಾತು ಜಾಸ್ತಿ, ನಗು ಜಾಸ್ತಿ. ಕೆಲವು ಸಂಜೆ ಕಣ್ಣು ಕೆಂಪು. “ಉಳ್ಳಾಗಡ್ಡಿ ಹೆಚ್ಚಿದ್ದೆ,” ಎನ್ನುತ್ತಿದ್ದರು. ಈರುಳ್ಳಿ ಹೆಚ್ಚಿದ್ದೂ ನಿಜವೇ, ಪಲ್ಯದಲ್ಲಿ ಕಾಣುತ್ತಿತ್ತು.

ಹತ್ತಿರ ಹೋಗಿ ಮೂಸಬಹುದಾಗಿತ್ತು. ಮೂಸಲಿಲ್ಲ. ನೇರವಾಗಿ ಕೇಳಬಹುದಾಗಿತ್ತು. ಕೆಲಸ ಹೋಗಿ ಕುಗ್ಗಿದ ಮನುಷ್ಯನನ್ನು ಏನೆಂದು ಕೇಳುವುದು? ನನ್ನ ಕೈಗೆ ಬೇರೆಯೇ ಒಂದು ಉಪಾಯ ತಾನಾಗಿ ಬಂತು. ನಮ್ಮ ಊರುಗಳಲ್ಲಿ ಅಡುಗೆ ಗ್ಯಾಸ್ ಎಷ್ಟು ಉಳಿದಿದೆ ಎಂದು ಯಾರೂ ಮೀಟರ್ ಇಟ್ಟು ನೋಡುವುದಿಲ್ಲ. ಸಿಲಿಂಡರಿನ ಬಳೆ ಹಿಡಿದು ಸ್ವಲ್ಪ ವಾಲಿಸಿ, ಅಲುಗಾಡಿಸಿ, “ಇನ್ನೂ ಒಂದು ವಾರ ಬರತ್ತೆ” ಎನ್ನುತ್ತೇವೆ. ಅಮ್ಮನ ಅಂದಾಜು ಒಂದು ದಿನವೂ ತಪ್ಪುತ್ತಿರಲಿಲ್ಲ. ಚಳಿಗಾಲದಲ್ಲಿ ಅವರು ಹೊಸ ಬಿಯರ್ ಮಾಡಿ ಕೆಗ್ ತುಂಬಿದ ಮೇಲೆ ನಾನೂ ದೋಸೆಹಿಟ್ಟು ತೆಗೆಯುವ ನೆಪದಲ್ಲಿ ಗರಾಜಿಗೆ ಹೋಗಿ, ಫ್ರಿಜ್ ತೆರೆದು, ಕೆಗ್ಗಿನ ರಬ್ಬರ್ ಹಿಡಿ ಹಿಡಿದು ವಾಲಿಸಿ ನೋಡತೊಡಗಿದೆ.

ಭಾರವಾಗಿತ್ತು. ಎರಡು ದಿನ ಬಿಟ್ಟು ನೋಡಿದೆ, ಭಾರವಾಗಿಯೇ ಇತ್ತು. ಮುಂದಿನ ವಾರವೂ ಅಷ್ಟೇ. ನನಗೆ ಎಷ್ಟು ಹಾಯೆನಿಸಿತೆಂದರೆ, ಗರಾಜಿನಲ್ಲೇ ನಿಂತು ದೇವರಿಗೆ ಕೈಮುಗಿದಿದ್ದೂ ಉಂಟು. ಪಾಪ, ಈ ಮನುಷ್ಯನನ್ನು ಅನುಮಾನಿಸಿದೆನಲ್ಲ ಎಂದು ಆ ಸಂಜೆಗಳಲ್ಲಿ ಅವರು ಹೇಳಿದ್ದಕ್ಕೆಲ್ಲ ನಗುತ್ತಿದ್ದೆ, ಮುರಿದ ರೊಟ್ಟಿಯನ್ನು ಹೊಗಳಿ ತಿನ್ನುತ್ತಿದ್ದೆ. ಕೆಂಪು ಕಣ್ಣಿಗೆ ಈರುಳ್ಳಿಯೇ ಕಾರಣವೆಂದು ಒಪ್ಪಿಕೊಂಡಿದ್ದೆ.

ಚಳಿಗಾಲ ಕಳೆಯುವ ಹೊತ್ತಿಗೆ ಲಾಸ್ ಏಂಜಲೀಸಿನ ಕಲ್ವರ್ ಸಿಟಿಯ ಒಂದು ಸಣ್ಣ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ನಾನೂ ರಜೆ ಹಾಕಿ ಜೊತೆಗೆ ಹೋದೆ. ಅವರು ಒಳಗೆ ಹೋದರು, ನಾನು ಕಾರಿನಲ್ಲಿ ಕೂತು ಎದುರಿನ ಸಿನಿಮಾ ಸ್ಟುಡಿಯೋದ ಎತ್ತರದ ಗೋಡೆ ನೋಡುತ್ತಾ ಇದ್ದೆ. ಹೊರಗೆ ಬಂದಾಗ ಮುಖದಿಂದ ಏನೂ ತಿಳಿಯಲಿಲ್ಲ. ವಾಪಸು ಬರುವಾಗ ಆರ್ಟೀಸಿಯಾದಲ್ಲಿ ಊಟ ಮಾಡಿ, ಬೇಳೆ, ಹುಣಸೆಹಣ್ಣು, ಒಂದು ಡಬ್ಬ ಮೈಸೂರ್‌ಪಾಕು ಕಟ್ಟಿಸಿಕೊಂಡೆವು. ಸಿಹಿ ಯಾಕೆ ಈಗಲೇ ಎಂದು ಅವರು ಗೊಣಗಿದರು. ನಾನು ಕೇಳಲಿಲ್ಲ. ಮುಂದಿನ ವಾರ ಕೆಲಸ ಸಿಕ್ಕ ಸುದ್ದಿ ಬಂದಾಗ ಆ ಮೈಸೂರ್‌ಪಾಕು ಕಲ್ಲಾಗಿತ್ತು, ಆದರೂ ಕಡಿದು ತಿಂದೆವು.

ದಿನಾ ಸ್ಯಾನ್ ಡಿಯೇಗೋದಿಂದ ಡ್ರೈವ್ ಮಾಡಿ ಹೋಗಿಬರುವ ಮಾತೇ ಇರಲಿಲ್ಲ. ಸೋಮವಾರ ಹೋಗಿ ಅಲ್ಲೇ ಒಂದು ರೂಮಿನಲ್ಲಿ ಇರುವುದು, ಶುಕ್ರವಾರ ಮನೆಗೆ ಬರುವುದು ಎಂದಾಯಿತು. ಹೊರಡುವ ಮುಂಚಿನ ಶನಿವಾರ ಹತ್ತಿರದ ಡೆಲ್ ಮಾರಿನ ಡಾಕ್ಟರ್ ಅಂಕಲ್ ಮತ್ತು ಆಂಟಿಯನ್ನು ಊಟಕ್ಕೆ ಕರೆದೆ. ಬೆಂಗಳೂರಿನವರು, ರಿಟೈರ್ ಆದವರು, ನಮಗೆ ಇಲ್ಲಿ ಹಿರಿಯರೆಂದರೆ ಅವರೇ. ಬಾಟಲಿಯ ಕಾಲದಿಂದಲೂ ಅಂಕಲ್‌ಗೆ ನನ್ನ ಗಂಡನ ಬಿಯರ್ ಎಂದರೆ ಪ್ರೀತಿ. ಒಂದು ಗ್ಲಾಸ್, ಊಟಕ್ಕೆ ಮುಂಚೆ, ಆಂಟಿ ಕಣ್ಣು ಬಿಟ್ಟರೂ ಬಿಡುತ್ತಿರಲಿಲ್ಲ.

ಬೆಳಿಗ್ಗೆ ನಾನು ಬಿಸಿಬೇಳೆಬಾತಿಗೆ ಹುರಿಯುತ್ತಿದ್ದಾಗ ಇವರು ಬಂದು ನಿಂತರು.

“ಬಿಯರ್ ಬ್ಯಾಡ ಬಿಡು ಇವತ್ತ. ಹಳೇದಾಗೇದ. ಅಂಗಡಿಯಿಂದ ತರತೇನಿ.”

“ಅಂಕಲ್ ಬರೋದೇ ನಿಮ್ಮ ಬಿಯರಿಗೆ. ಅಂಗಡಿದು ಅವರ ಮನೇಲಿಲ್ವಾ?”

“ಸ್ವಲ್ಪನ ಉಳದದ.”

“ಎಲ್ಲಿ ಸ್ವಲ್ಪ? ತುಂಬಿದೆ ರೀ. ನಾನೇ ಮೊನ್ನೆ ನೋಡಿದೀನಿ.”

ಅವರು ನನ್ನನ್ನೇ ನೋಡಿದರು. ಆಮೇಲೆ ತಟ್ಟೆ ಒರೆಸಲು ಹೋದರು. ನನ್ನ ಗುಟ್ಟು ಬಾಯಿ ತಪ್ಪಿ ಹೊರಗೆ ಬಂತಲ್ಲ ಎಂದು ನಾನು ನಾಲಿಗೆ ಕಚ್ಚಿಕೊಂಡೆ. ಅವರ ಗುಟ್ಟಿನ ಯೋಚನೆ ನನಗೆ ಬರಲೇ ಇಲ್ಲ.

ಅಂಕಲ್ ಬಂದು ಕೂರುವ ಮೊದಲೇ ಗರಾಜಿಗೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಗಂಡ ನಲ್ಲಿಯ ಹಿಡಿ ಎಳೆದರು. ಗ್ಲಾಸಿಗೆ ಬಿದ್ದದ್ದು ಸೋಸಿದ ಚಹಾಪುಡಿಗೆ ಎರಡನೆಯ ಸಲ ನೀರು ಹಾಕಿ ಕುದಿಸಿದ ಹಾಗಿತ್ತು. ನೊರೆಯೇ ಇಲ್ಲ. ಗಾಜಿನಾಚೆ ಅಂಕಲ್‌ನ ಬೆರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ಒಂದು ಗುಟುಕು ಕುಡಿದರು, ಇನ್ನೊಂದು ಗುಟುಕು ಕುಡಿದರು.

“ಸ್ವಲ್ಪ ಲೈಟಾಗಿದೆ ಕಣಪ್ಪ,” ಎಂದರು ಮೆತ್ತಗೆ. “ಪರವಾಗಿಲ್ಲ. ನನ್ನ ವಯಸ್ಸಿಗೆ ಇದೇ ಸರಿ.”

ಆಂಟಿ, “ಅಂತೂ ನಿಮಗೆ ತಕ್ಕ ಬಿಯರ್ ಮಾಡಿದಾನೆ ನೋಡಿ,” ಎಂದು ನಕ್ಕರು.

ನಾನು ಇನ್ನೊಂದು ಗ್ಲಾಸಿಗೆ ಹಿಡಿದು ಬಾಯಿಗೆ ಹಾಕಿಕೊಂಡೆ. ನಾನು ಕುಡಿಯುವವಳಲ್ಲ, ಆದರೆ ಪ್ರತಿ ಸಲ ಹೊಸದು ಮಾಡಿದಾಗ ಒಂದು ಗುಟುಕು ರುಚಿ ನೋಡುತ್ತಿದ್ದೆ. ಆ ಕಹಿ ನನಗೆ ಗೊತ್ತಿತ್ತು. ಇದರಲ್ಲಿ ಕಹಿ ಎಲ್ಲೋ ದೂರದಲ್ಲಿತ್ತು. ಇದು ನೀರು. ಗಂಡನ ಕಡೆ ನೋಡಿದೆ. ಅವರು ನಲ್ಲಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು.

ಕುಡಿದಷ್ಟೂ ನೀರು ತುಂಬಿ, ಮುಚ್ಚಳವನ್ನು ನಾನೇ ಕಲಿಸಿಕೊಟ್ಟ ಹಾಗೆ ಒಳಗಿನಿಂದ ಕೂರಿಸಿ, ತೂಕ ಕಡಿಮೆಯಾಗದಂತೆ ನೋಡಿಕೊಂಡಿದ್ದರು. ನಾನು ಕೈಮುಗಿದದ್ದು ನಲ್ಲಿನೀರಿಗೆ. ಲ್ಯಾಬಿನಲ್ಲಿ ದಿನಾ ಮಾತ್ರೆಗಳಲ್ಲಿ ಏನು ಬೆರೆತಿದೆ ಎಂದು ಪರೀಕ್ಷೆ ಮಾಡುವವಳು ನಾನು. ಮನೆಯ ಬಿಯರಿನ ತೂಕ ಮಾತ್ರ ನೋಡಿ ಬರುತ್ತಿದ್ದೆ.

ಬಿಸಿಬೇಳೆಬಾತ್ ಬಡಿಸಿದೆ, ತುಪ್ಪ ಹಾಕಿದೆ, ಹಪ್ಪಳ ಕರಿದೆ. ಸೌಟು ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು. ಅಂಕಲ್ ಹೊರಡುವಾಗ ಇವರ ಬೆನ್ನು ತಟ್ಟಿ, “ಒಳ್ಳೆ ಕೆಲಸ ಸಿಕ್ಕಿದೆ. ಆರೋಗ್ಯ ನೋಡ್ಕೋ,” ಎಂದರು. ಡಾಕ್ಟರಾಗಿದ್ದವರು. ಅವರಿಗೆ ಎಷ್ಟು ಅರ್ಥವಾಗಿತ್ತೋ ನಾನು ಕೇಳಲಿಲ್ಲ.

ಅವರ ಕಾರು ತಿರುಗಿದ ಮೇಲೆ ನಾನು ಗರಾಜಿಗೆ ಹೋದೆ. ಇವರೂ ಹಿಂದೆಯೇ ಬಂದರು. ಇನ್ನೂ ಬಿಸಿಲಿತ್ತು, ಗರಾಜಿನ ಬಾಗಿಲು ಮೇಲಕ್ಕೇರಿಸಿಯೇ ಇತ್ತು.

“ಯಾವಾಗಿಂದ ನೀರು ಹಾಕ್ತಿದೀರಿ?”

“ನೀ ಅಲ್ಲಾಡ್ಸಿ ನೋಡ್ಲಿಕ್ಕೆ ಹತ್ತಿದಾಗಿಂದ.”

“ನಾನು ನೋಡೋದು ನಿಮಗೆ ಹೇಗೆ ಗೊತ್ತು?”

“ನೀ ನೋಡಿ ಬಂದ ಮ್ಯಾಲೆ ಪೈಪ್ ತಿರುವಿ ಬಿದ್ದಿರತಿತ್ತು. ಬ್ಯಾರೆ ಯಾರು ಮುಟ್ಟತಾರ ಅದನ್ನ?” ಅವರು ಹಳೆಯ ಸ್ಟೂಲಿನ ಮೇಲೆ ಕೂತರು. “ಮಧ್ಯಾಹ್ನ ಆತಂದ್ರ ಫೋನ್ ಬರತದೇನೋ ಅಂತ ಕೂಡೂದು. ಬರಲಿಲ್ಲಂದ್ರ ಒಂದ ಗ್ಲಾಸು. ಆಮ್ಯಾಲೆ ನೀ ಬರೂತನಕ ಇನ್ನೂ ಹೊತ್ತು ಇರತಿತ್ತು. ಮತ್ತೊಂದು.”

“ನನಗೆ ಹೇಳಬಹುದಿತ್ತಲ್ಲ.”

“ನೀ ಕೇಳಬಹುದಿತ್ತಲ್ಲ.”

“ಕೇಳಿದ್ರೆ ನಿಜ ಹೇಳ್ತಿದ್ರಾ?”

“ಗೊತ್ತಿಲ್ಲ,” ಎಂದರು.

ಆ ಉತ್ತರಕ್ಕೆ ನನ್ನ ಕೋಪ ಅರ್ಧ ಇಳಿಯಿತು. ಹೇಳುತ್ತಿದ್ದೆ ಎಂದಿದ್ದರೆ ಖಂಡಿತ ಜಗಳವಾಗುತ್ತಿತ್ತು. ನಾನು ಪೈಪುಗಳನ್ನು ಕಿತ್ತೆ, ಗ್ಯಾಸ್ ಬಿಟ್ಟೆ, ಮುಚ್ಚಳ ತೆಗೆದೆ. ಕೆಗ್ಗನ್ನು ಒಬ್ಬಳೇ ಎತ್ತಲಾಗಲಿಲ್ಲ. ಅವರು ಎದ್ದು ಬಂದು ಬುಡ ಹಿಡಿದರು. ಇಬ್ಬರೂ ಸೇರಿ ಡ್ರೈವ್‌ವೇಯ ಅಂಚಿನ ಹುಲ್ಲಿಗೆ ಸುರಿದೆವು. ಪಕ್ಕದ ಮನೆಯಾಕೆ ನಾಯಿ ಹಿಡಿದು ಹೋಗುತ್ತಾ ಕೈ ಬೀಸಿದಳು, ನಾವೂ ಬೀಸಿದೆವು.

“ಸೋಮವಾರ ನೀವು ಹೋಗ್ತೀರಿ,” ಎಂದೆ. “ಅಲ್ಲಿ ನಾನು ಏನನ್ನ ಅಲ್ಲಾಡಿಸಿ ನೋಡಲಿ? ನನಗೆ ಭಯ ಆಗತ್ತೆ. ನೀವು ನನ್ನ ಮಾವನ ಹಾಗೆ ಆಗಿಬಿಟ್ರೆ ನಾನು ಬದುಕಲ್ಲ.” ಹೀಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮದುವೆಯಾದಾಗಿನಿಂದ ಮಾವನ ಕಥೆಯನ್ನು ನಗೆಹನಿಯ ಹಾಗೆ ಹೇಳಿ ಮುಗಿಸುತ್ತಿದ್ದೆ.

ಅವರು ಖಾಲಿ ಕೆಗ್ಗನ್ನು ನಿಲ್ಲಿಸಿ, “ನೀ ಕೇಳು. ನಾ ಹೇಳತೇನಿ,” ಎಂದರು. ಸುಳ್ಳು ಹೇಳಿದರೆ ಏನು ಮಾಡುವುದು ಎಂದು ನಾನು ಕೇಳಲಿಲ್ಲ.

ಸೋಮವಾರ ಸಂಜೆ ಫೋನಿನಲ್ಲಿ ರೂಮಿನ ಪರದೆ, ರೈಸ್ ಕುಕ್ಕರ್, ಟ್ರಾಫಿಕ್ಕು ಎಲ್ಲ ಮಾತಾಡಿದ ಮೇಲೆ ಕೇಳಿದೆ. “ಇಲ್ಲ,” ಎಂದರು. ಮಂಗಳವಾರ ಕೇಳಿದೆ. “ಇಲ್ಲ.” ಬುಧವಾರವೂ “ಇಲ್ಲ.” ಒಂದೂ ನನಗೆ ನೆಮ್ಮದಿ ಕೊಡಲಿಲ್ಲ. ಧ್ವನಿ ಎಳೆಯುತ್ತಿದೆಯೇ, ನಗು ಜಾಸ್ತಿಯಿದೆಯೇ ಎಂದು ರಿಸೀವರನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಮೂಗಿನ ಬದಲು ಕಿವಿ, ಅಷ್ಟೇ ವ್ಯತ್ಯಾಸ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಗುರುವಾರ ನಾನು ಫೋನ್ ಮಾಡುವ ಮುಂಚೆ ಅವರೇ ಮಾಡಿದರು. ಇನ್ನೂ ನಾನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

“ಇವತ್ತ ಕುಡದೇನಿ,” ಎಂದರು. “ಎರಡು. ಮೀಟಿಂಗ್‌ನಾಗ ಎಲ್ಲಾರ ಮುಂದ ಮ್ಯಾನೇಜರ್ ಬೈದ, ಹೊಸಬ ಅಂತನೂ ನೋಡ್ಲಿಲ್ಲ. ಹೊರಗ ಬಂದು ಸೀದಾ ಬಾರಿಗೆ ಹೋದೆ. ಕಾರ್ ಆಫೀಸ್ನಾಗ ಅದ, ನಡಕೋತ ರೂಮಿಗೆ ಬಂದೇನಿ.”

ನಾನು ಅಲ್ಲೇ ಬಾಗಿಲ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ. ಅವರು ಗಾಬರಿಯಾಗಿ, “ಬೈ ಬೇಕಾದ್ರ, ಅಳಬ್ಯಾಡ,” ಎನ್ನುತ್ತಲೇ ಇದ್ದರು. ಬೈಯುವ ಮನಸ್ಸೇ ಬರಲಿಲ್ಲ. ಏನಾದರೂ ತಿಂದು ಮಲಗಿ, ನಾಳೆ ಟ್ರಾಫಿಕ್ ಆಗುವ ಮುಂಚೆ ಹೊರಡಿ ಎಂದೆ. ಸೋಮವಾರದ ಇಲ್ಲ, ಮಂಗಳವಾರದ ಇಲ್ಲ, ಬುಧವಾರದ ಇಲ್ಲ, ಮೂರನ್ನೂ ನಾನು ನಂಬಿದ್ದು ಆ ಗುರುವಾರ.